ಮೋಸ ಹೋಗುವ ಕೆಲಸ

ಬೈರೂತಿನ ಆರ್ಮೇನಿಯನ್ ಕೇರಿ ಬುರ್ಜ್ ಹಮ್ಮೂದಿನಲ್ಲಿ ಮಿಸ್ಸಾಕ್ ಕೆಲೆಶಿಯಾನ್ ಎಲ್ಲಿ ಸಿಗುತ್ತಾನೆ ಎಂದು ಕೇಳಿದರೆ ಹತ್ತರಲ್ಲಿ ಎಂಟು ಜನ ತಲೆ ಕೆರೆದುಕೊಳ್ಳುತ್ತಿದ್ದರು. ಕಪ್ಪೆ ಮಿಸ್ಸಾಕ್ ಎಂದರೆ ಸಾಕು, ಕಾಫಿ ಮಾರುವವನಿಂದ ಹಿಡಿದು ಇಗರ್ಜಿಯ ಪಾದ್ರಿಯವರೆಗೆ ಎಲ್ಲರೂ ಬಾಯ್ತುಂಬ ನಕ್ಕು ಅವನ ಅಂಗಡಿಯ ದಾರಿ ತೋರಿಸುತ್ತಿದ್ದರು. ಆ ನಗುವಿನಲ್ಲಿ ದ್ವೇಷ ಇರಲಿಲ್ಲ. ಇದ್ದಿದ್ದರೆ ಮಿಸ್ಸಾಕ್ ಎದುರು ನಿಂತು ಎರಡು ಮಾತಾಡುತ್ತಿದ್ದ. ಪಾಪ, ದಡ್ಡ, ಆದರೂ ನಮ್ಮವನು ಎಂಬ ಪ್ರೀತಿಯ ನಗು ಅದು. ಅಂಥದ್ದಕ್ಕೆ ಏನೆಂದು ಉತ್ತರ ಕೊಡುವುದು?

ಮರಾಶ್ ಬೀದಿಯ ಹಿಂದಿನ ಓಣಿಯಲ್ಲಿ ಅವನದೊಂದು ಬೂಟಿನ ಅಂಗಡಿ. ಅಪ್ಪ ಬಿಟ್ಟುಹೋದ ಚರ್ಮ ಕೊಯ್ಯುವ ರಂಪಿಗೆ, ಅಜ್ಜ ಊರು ಬಿಟ್ಟು ಓಡಿ ಬರುವಾಗ ಚೀಲದಲ್ಲಿ ಹಾಕಿಕೊಂಡು ಬಂದ ಮರದ ಕಾಲಚ್ಚುಗಳು, ಅಂಟಿನ ವಾಸನೆ, ಗೋಡೆಯ ಮೇಲೆ ಕ್ಲಬ್ಬಿನ ಕ್ಯಾಲೆಂಡರು. ಹೊಸ ಬೂಟು ಹೊಲಿಸುವವರು ಕಡಿಮೆಯಾಗಿ ಹಳೆಯದಕ್ಕೆ ಅಟ್ಟೆ ಹಾಕಿಸುವವರೇ ಹೆಚ್ಚಾಗಿದ್ದರು. ಸವೆದ ಅಟ್ಟೆಯನ್ನು ಒಮ್ಮೆ ತಿರುವಿ ನೋಡಿದರೆ ಸಾಕು, ಈ ಮನುಷ್ಯ ಯಾವ ಕಾಲಿನ ಮೇಲೆ ಭಾರ ಹಾಕುತ್ತಾನೆ, ತಿರುಗುವಾಗ ಯಾವ ಬೆರಳು ಒತ್ತುತ್ತಾನೆ, ಮೆಟ್ಟಿಲು ಹತ್ತುವಾಗ ಯಾವ ಮಂಡಿ ನೋಯುತ್ತದೆ ಎಂದು ಅವನು ಹೇಳಿಬಿಡುತ್ತಿದ್ದ. ಅವನ ಮಾತು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಮಂಗಳವಾರ, ಗುರುವಾರ ಸಂಜೆ ಶಟರ್ ಎಳೆದು ಕ್ಲಬ್ಬಿಗೆ ಓಡುತ್ತಿದ್ದ. ಬೈರೂತಿನಲ್ಲಿ ಒಂದೊಂದು ಪಂಗಡಕ್ಕೂ ಒಂದೊಂದು ಬ್ಯಾಸ್ಕೆಟ್‌ಬಾಲ್ ತಂಡ. ಗೆದ್ದರೆ ಪಂಗಡವೆಲ್ಲ ಹಾರ್ನ್ ಹೊಡೆಯುತ್ತಾ ಬೀದಿ ಸುತ್ತುತ್ತದೆ, ಸೋತರೆ ಮನೆಮನೆಯಲ್ಲೂ ಊಟ ಸೇರುವುದಿಲ್ಲ. ನಮ್ಮ ಆರ್ಮೇನಿಯನ್ ಮಂದಿಗಂತೂ ಕ್ಲಬ್ಬೆಂದರೆ ಇಗರ್ಜಿಯಾದ ಮೇಲೆ ಎರಡನೆಯದು, ಕೆಲವರಿಗೆ ಮೊದಲನೆಯದು. ಮಿಸ್ಸಾಕ್ ಹದಿನಾರನೇ ವಯಸ್ಸಿನಿಂದ ಅಲ್ಲೇ ಬೆವರು ಸುರಿಸಿದವನು. ಕುಳ್ಳ, ಓಟ ಸಾಧಾರಣ, ಶಾಟ್ ಹೊಡೆದರೆ ಚೆಂಡು ರಿಂಗಿಗೆ ಬಡಿದು ಎತ್ತಲೋ ಹೋಗುತ್ತಿತ್ತು. ಪಂದ್ಯದ ಪಟ್ಟಿಯಲ್ಲಿ ಹನ್ನೆರಡು ಹೆಸರು ಇರುತ್ತವೆ, ಅವನು ಯಾವಾಗಲೂ ಹದಿಮೂರನೆಯವನಾಗಿಯೇ ಉಳಿಯುತ್ತಿದ್ದ.

ಆದರೆ ಅವನಿಗೊಂದು ವಿದ್ಯೆ ಇತ್ತು. ಬ್ಯಾಸ್ಕೆಟ್‌ಬಾಲಿನಲ್ಲಿ ಚೆಂಡು ಹಿಡಿದವನು ಸುಳ್ಳುಗಾರ, ಹಾಗಿರಲೇಬೇಕು. ಎಡಕ್ಕೆ ಹೆಜ್ಜೆ ಇಟ್ಟು ಬಲಕ್ಕೆ ಹೋಗುತ್ತಾನೆ. ಮೂಲೆಯಲ್ಲಿರುವ ಗೆಳೆಯನನ್ನು ನೋಡುತ್ತಾ ಇನ್ನೊಬ್ಬನಿಗೆ ಎಸೆಯುತ್ತಾನೆ. ಹೆಗಲು ಬಗ್ಗಿಸಿ ಈಗ ಓಡಿದ ಎಂಬಂತೆ ಮಾಡಿ ನಿಂತುಬಿಡುತ್ತಾನೆ. ಶಾಟ್ ಹೊಡೆಯುವವನಂತೆ ಚೆಂಡನ್ನು ಹಣೆಯವರೆಗೆ ಎತ್ತಿ, ಎದುರಿನವನು ತಡೆಯಲು ನೆಗೆದ ಕೂಡಲೇ ಅವನ ಕಂಕುಳ ಕೆಳಗಿನಿಂದ ನುಸುಳಿಕೊಂಡು ಹೋಗುತ್ತಾನೆ. ಈ ಕೊನೆಯ ಸುಳ್ಳೇ ಎಲ್ಲಕ್ಕಿಂತ ಅವಮಾನದ್ದು. ನೆಗೆದವನು ಗಾಳಿಯಲ್ಲಿ ಸಿಕ್ಕಿಕೊಂಡು, ತನ್ನ ಕೆಳಗೆ ನಡೆಯುವುದನ್ನು ಕಣ್ಣಾರೆ ನೋಡುತ್ತಾ ಇಳಿಯಬೇಕು. ‘ಕಣ್ಣು ನೋಡ್ಬೇಡಿ, ಚೆಂಡು ನೋಡ್ಬೇಡಿ, ಸೊಂಟ ನೋಡಿ’ ಎಂದು ಕೋಚ್ ಗಂಟಲು ಹರಿದುಕೊಳ್ಳುತ್ತಿದ್ದ. ಮಿಸ್ಸಾಕ್ ಸೊಂಟವನ್ನೂ ನೋಡುತ್ತಿರಲಿಲ್ಲ, ಬೂಟು ನೋಡುತ್ತಿದ್ದ. ನಿಜವಾಗಿ ಶಾಟ್ ಹೊಡೆಯುವವನ ಹಿಮ್ಮಡಿ ಮೊದಲು ಮೇಲೇಳುತ್ತದೆ. ಸುಳ್ಳು ಹೇಳುವವನ ಹಿಮ್ಮಡಿ ನೆಲಕ್ಕೆ ಅಂಟಿಕೊಂಡಿರುತ್ತದೆ. ಅಷ್ಟೇ ವಿಷಯ. ಅದು ಅವನಿಗೆ ಕಂಡಂತೆ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ.

ಆ ವಿದ್ಯೆಯೇ ಅವನ ಕುತ್ತಿಗೆಗೆ ಬಂತು.

ಗಾರೆನ್ ಎಂಬ ಹುಡುಗ ಆಗ ತಾನೇ ದೊಡ್ಡವರ ತಂಡಕ್ಕೆ ಬಂದಿದ್ದ. ಹದಿನೇಳು ವರ್ಷ, ಉದ್ದನೆಯ ಕೈ, ಬೆಕ್ಕಿನ ನಡಿಗೆ. ಕ್ಲಬ್ಬಿನ ಹಿರಿಯರು ಅವನನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು, ಅಂಥ ಹುಡುಗ. ಒಂದು ಗುರುವಾರ ಅಭ್ಯಾಸದಲ್ಲಿ ಮಿಸ್ಸಾಕ್ ಅವನಿಗೆ ಎದುರಾಗಿ ನಿಂತ. ಗಾರೆನ್ ಐದು ಸಲ ಚೆಂಡೆತ್ತಿ ಸುಳ್ಳು ಹೇಳಿದ. ಐದು ಸಲವೂ ಮಿಸ್ಸಾಕ್ ಕಂಬದ ಹಾಗೆ ನಿಂತಿದ್ದ. ಆರನೆಯ ಸಲ ಹುಡುಗ ಚೆಂಡನ್ನು ಗೋಡೆಗೆ ಎಸೆದು ಹೊರಟುಹೋದವನು ಎರಡು ವಾರ ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ಕೋಚ್ ಯೆರ್ವಾಂತ್ ಮಿಸ್ಸಾಕನ ಅಂಗಡಿಗೆ ಬಂದ. ಕಾಫಿ ತರಿಸಿದ. ಸ್ಟೂಲಿನ ಮೇಲೆ ಕೂತು ಮೀಸೆ ನೀವಿಕೊಂಡ.

“ಮಿಸ್ಸಾಕ್, ಆ ಹುಡುಗ ಚಿನ್ನ. ಆದ್ರೆ ಎದೇಲಿ ಧೈರ್ಯ ಇಲ್ಲ. ಅವನ ಸುಳ್ಳು ನಂಬೋಕೆ ಒಬ್ಬ ಬೇಕು.”

“ನಂಬದೇ ಇದ್ರೆ ತಾನೇ ಬಾರೋನ್, ಅವನು ಕಲಿಯೋದು?” ಯಜಮಾನರೇ ಎನ್ನುವ ಮರ್ಯಾದೆಯಲ್ಲಿ ಬಾರೋನ್ ಎಂದೇ ಮಿಸ್ಸಾಕ್ ಕೇಳಿದ.

“ಅದೆಲ್ಲ ಆಮೇಲೆ. ಈಗ ನೀನು ನೆಗಿ. ಅವನು ಎತ್ತಿದಾಗೆಲ್ಲ ನೆಗಿ. ಕಾಟಾಚಾರಕ್ಕಲ್ಲ, ನಿಜವಾಗ್ಲೂ ಮೋಸ ಹೋದೋನ ಥರ. ಅವನಿಗೆ ಗೊತ್ತಾಗ್ಬಾರ್ದು. ಯಾರಿಗೂ ಗೊತ್ತಾಗ್ಬಾರ್ದು.”

“ನಾನೇ ಯಾಕೆ? ಉಳಿದೋರು ಹೇಗೂ ಮೋಸ ಹೋಗ್ತಾರಲ್ಲ.”

“ಅವ್ರು ಹತ್ತಕ್ಕೆ ಆರು ಸಲ ಹೋಗ್ತಾರೆ. ನೀನಾದ್ರೆ ಹತ್ತಕ್ಕೆ ಹತ್ತು ಹೋಗ್ತೀಯ. ಬರೋ ವರ್ಷ ಪಟ್ಟೀಲಿ ನಿನ್ನ ಹೆಸರು, ನನ್ನ ಮಾತು.”

ಪಟ್ಟಿಯ ಆಸೆ ಇತ್ತು, ಸುಳ್ಳೇಕೆ ಹೇಳಬೇಕು. ಅದಕ್ಕಿಂತ ಹೆಚ್ಚಾಗಿ, ತನ್ನಿಂದ ಕ್ಲಬ್ಬಿಗೆ ಏನೋ ಆಗಬೇಕಾಗಿದೆ, ಅದಕ್ಕಾಗಿ ಕೋಚೇ ಬಂದು ತನ್ನ ಸ್ಟೂಲಿನ ಮೇಲೆ ಕೂತಿದ್ದಾನೆ ಎಂಬುದೇ ಅವನಿಗೆ ದೊಡ್ಡದಾಗಿ ಕಂಡಿತು. ಒಪ್ಪಿಕೊಂಡ.

ಒಪ್ಪಿದ ಮೇಲೆ ಕೆಲಸದಲ್ಲಿ ಕಳ್ಳತನ ಮಾಡುವವನಲ್ಲ ಮಿಸ್ಸಾಕ್. ಹೇಗೆ ನೆಗೆದರೆ ನಿಜವಾಗಿ ಮೋಸಹೋದಂತೆ ಕಾಣುತ್ತದೆ ಎಂದು ಮನೆಯ ಕನ್ನಡಿ ಮುಂದೆ ನೋಡಿಕೊಂಡ. ಬೇಗ ನೆಗೆದರೆ ನಾಟಕ ಅನಿಸುತ್ತದೆ. ತಡವಾದರೆ ಹುಡುಗನಿಗೆ ಸಂಶಯ. ಚೆಂಡು ಗಲ್ಲ ದಾಟಿ ಹಣೆ ಮುಟ್ಟುವ ಮೊದಲೇ ಪಾದ ನೆಲ ಬಿಡಬೇಕು, ಕೈ ಎರಡೂ ಮೇಲೆ, ಇಳಿಯುವಾಗ ಮುಖದಲ್ಲಿ ಒಂದು ಪೆಚ್ಚು. ಹಿಮ್ಮಡಿ ನೆಲಕ್ಕೆ ಅಂಟಿರುವುದು ಕಾಣುತ್ತಿತ್ತು, ಕಂಡ ಕೂಡಲೇ ನೆಗೆಯುತ್ತಿದ್ದ. ಹಿಮ್ಮಡಿ ಎದ್ದರೆ, ಅಂದರೆ ಶಾಟ್ ನಿಜವಾದರೆ, ನಿಂತುಬಿಡುತ್ತಿದ್ದ. ಆ ಕೋರ್ಟಿನಲ್ಲಿ ದೊಡ್ಡ ಸುಳ್ಳುಗಾರ ಗಾರೆನ್ ಅಲ್ಲ, ಅವನ ಮುಂದೆ ನೆಗೆಯುತ್ತಿದ್ದ ಈ ಬೂಟು ಹೊಲಿಯುವವನು. ಅದು ಗೊತ್ತಿದ್ದವನು ಯೆರ್ವಾಂತ್ ಒಬ್ಬನೇ.

ಒಂದು ವರ್ಷ ಎಂದದ್ದು ಒಂಬತ್ತು ವರ್ಷವಾಯಿತು. ಪ್ರತಿ ಶರತ್ಕಾಲದಲ್ಲೂ ಪಟ್ಟಿ ಬಂತು, ಪ್ರತಿ ಸಲವೂ ಕೋಚ್ ಅವನ ಹೆಗಲ ಮೇಲೆ ಕೈಯಿಟ್ಟು “ಈ ಸಲ ಆಗ್ಲಿಲ್ಲ ಕಣಪ್ಪ, ಬರೋ ಸಲ ನೋಡೋಣ” ಎಂದ. ಗಾರೆನ್ ದೇಶದಲ್ಲೇ ಹೆಸರು ಮಾಡಿದ. ಅವನ ಸುಳ್ಳಿಗೆ ದೊಡ್ಡ ದೊಡ್ಡ ಆಟಗಾರರು ಬಲಿಬಿದ್ದರು, ಏಕೆಂದರೆ ತನ್ನ ಸುಳ್ಳನ್ನು ಯಾರೂ ನಂಬದೇ ಇರಲಾರರು ಎಂಬ ಧೈರ್ಯ ಅವನಿಗೆ ಬಂದಿತ್ತು. ಅಭ್ಯಾಸ ಮುಗಿದಾಗಲೆಲ್ಲ ಅವನು ಮಿಸ್ಸಾಕನ ಬೆನ್ನು ತಟ್ಟಿ “ಥ್ಯಾಂಕ್ಸ್ ಅಹ್ಪಾರ್” ಎನ್ನುತ್ತಿದ್ದ, ಅಣ್ಣನಿಗೆ ಹೇಳುವಂತೆ. ನೋಡಲು ಬಂದ ಮಂದಿ ಕಿಸಿಕಿಸಿ ನಗುತ್ತಿದ್ದರು. ಕಪ್ಪೆ ಎಂಬ ಹೆಸರು ಬಿದ್ದದ್ದು ಹಾಗೆ.

ಮನೆಯಲ್ಲಿ ಹೆಂಡತಿ ಅಜ್ನಿವ್ ಅವನ ಮಂಡಿಗೆ ಎಣ್ಣೆ ಹಚ್ಚುತ್ತಾ ಬೈಯುತ್ತಿದ್ದಳು. “ಬಲ್ಬ್ ಬದಲಾಯ್ಸು ಅಂದ್ರೆ ಸ್ಟೂಲ್ ಕೇಳ್ತೀಯ. ಅಲ್ಲಿ ಆ ಹುಡುಗನ ಮುಂದೆ ಸಂಜೆಯೆಲ್ಲ ನೆಗೀತೀಯ. ನಿನ್ನಂಥೋನ್ನ ಕಟ್ಕೊಂಡ್ನಲ್ಲ!” ಅವಳಿಗೂ ಅವನು ನಿಜ ಹೇಳಿರಲಿಲ್ಲ. ಯಾರಿಗೂ ಹೇಳಬಾರದೆಂದು ಮಾತು ಕೊಟ್ಟಿದ್ದ. ಮಾತು ಕೊಟ್ಟವನು ಉಳಿಸಿಕೊಂಡ, ಪಡೆದವನು ಮರೆತ. ನಮ್ಮ ಕ್ಲಬ್ಬಿನಲ್ಲಿ ಇದೇನು ಹೊಸದಲ್ಲ.

ಮಗಳು ಶಾಕೆಗೆ ಹನ್ನೆರಡಾದಾಗ ಹುಡುಗಿಯರ ತಂಡಕ್ಕೆ ಸೇರಿದಳು. ಅಪ್ಪನಂತೆ ಕುಳ್ಳಿ, ಆದರೆ ಕಾಲು ಚುರುಕು. ಮೂರನೆಯ ದಿನ ಮನೆಗೆ ಬಂದವಳು ತಟ್ಟೆಯಲ್ಲಿದ್ದ ಲಹ್ಮಜೂನ್ ಮುಟ್ಟದೆ ಗೋಡೆ ಕಡೆ ತಿರುಗಿ ಕೂತಳು. ಬಹಳ ಹೊತ್ತು ಕೇಳಿದ ಮೇಲೆ ಬಾಯಿ ಬಿಟ್ಟಳು.

“ಎಲ್ರೂ ವಟ್ರ್ ವಟ್ರ್ ಅಂತಾರೆ ಅಪ್ಪಾ, ನಾನು ಹೋದ್ರೆ. ನಿಮ್ಮಪ್ಪ ಯಾವತ್ತಾದ್ರೂ ಒಂದ್ಸಲ ನೆಲದ್ಮೇಲೆ ನಿಂತಿದ್ದಾನಾ ಅಂತ ಕೇಳ್ತಾರೆ.”

ಮಿಸ್ಸಾಕ್ ತಟ್ಟೆಯನ್ನು ಬದಿಗೆ ಸರಿಸಿ ಎದ್ದ. ಅವಳ ಕೈ ಹಿಡಿದು ಓಣಿಗೆ ಕರೆದುಕೊಂಡು ಹೋದ. ಮೇಲೆ ಗೋಜಲು ಗೋಜಲಾದ ಕರೆಂಟಿನ ತಂತಿಗಳು, ಕೆಳಗೆ ಜನರೇಟರಿನ ಗದ್ದಲ. “ತಗೋ ಚೆಂಡು. ನನಗೆ ಮೋಸ ಮಾಡು, ಎಷ್ಟು ಸಲ ಬೇಕಾದ್ರೂ” ಎಂದ. ಅವಳು ಎತ್ತಿದಳು, ಅವನು ನಿಂತ. ಎಡಕ್ಕೆ ಹೆಜ್ಜೆ ಹಾಕಿದಳು, ನಿಂತ. ಕಣ್ಣು ಅತ್ತ, ಚೆಂಡು ಇತ್ತ, ನಿಂತೇ ಇದ್ದ. ನಿಜವಾಗಿ ಎಸೆದಾಗ ಮಾತ್ರ ಅವನ ಕೈ ಎದ್ದು ಚೆಂಡನ್ನು ಕೆಳಗೆ ಬಡಿಯಿತು. ಇಪ್ಪತ್ತು ಸಲ ಆದಮೇಲೆ ಶಾಕೆ ಏದುಸಿರು ಬಿಡುತ್ತಾ ಅವನನ್ನು ಹೊಸ ಮನುಷ್ಯನನ್ನು ನೋಡುವಂತೆ ನೋಡಿದಳು.

“ಹಾಗಾದ್ರೆ ಅಲ್ಲಿ ಯಾಕಪ್ಪಾ ನೆಗೀತೀಯ?”

“ಅದು ನನ್ನ ಕೆಲಸ, ಮಗಳೇ. ಒಂದ್ಸಲಾನೂ ನಾನು ನಿಜವಾಗಿ ಮೋಸ ಹೋಗಿಲ್ಲ. ನೀನೊಬ್ಳು ನಂಬಿದ್ರೆ ಸಾಕು ನಂಗೆ.”

ಆ ದಿನದಿಂದ ಅವನಿಗೆ ಜನರ ನಗು ಚುಚ್ಚುವುದು ನಿಂತುಹೋಯಿತು. ಅಭ್ಯಾಸದಲ್ಲಿ ನೆಗೆದು ಇಳಿಯುವಾಗ ಗ್ಯಾಲರಿಯಲ್ಲಿ ಕೂತ ಮಗಳ ಕಡೆ ನೋಡುತ್ತಿದ್ದ, ಅವಳು ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ಕೋಚನ್ನು ಬಿಟ್ಟರೆ ಲೋಕದಲ್ಲಿ ಒಂದೇ ಒಂದು ಜೀವಕ್ಕೆ ತಾನು ದಡ್ಡನಲ್ಲ ಎಂದು ಗೊತ್ತಿದೆ. ಮಿಸ್ಸಾಕನಿಗೆ ಅದೇ ಆಸ್ತಿಯಾಯಿತು.

ಆದರೆ ಹನ್ನೆರಡು ವರ್ಷದ ಹುಡುಗಿಯ ಹೊಟ್ಟೆಯಲ್ಲಿ ಅಂಥ ಮಾತು ನಿಲ್ಲುತ್ತದೆಯೇ? ವಟಗುಟ್ಟಿದವರಿಗೆಲ್ಲ ಎದೆ ಸೆಟೆದು ಹೇಳಿದಳು. ಅವರು ಮನೆಯಲ್ಲಿ ಹೇಳಿದರು. ಒಂದು ವಾರದಲ್ಲಿ ಬುರ್ಜ್ ಹಮ್ಮೂದಿಗೆಲ್ಲ ಹೊಸ ನಗೆ ಸಿಕ್ಕಿತು. ಕಾಫಿ ಮಾರುವವನು ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಕೇಳಿದ: “ಏನೋ ಮಿಸ್ಸಾಕ್, ಬೇಕಂತ್ಲೇ ಮೋಸ ಹೋಗ್ತೀಯಂತೆ? ನಾನೂ ಅಷ್ಟೇ ಕಣೋ, ಹೆಂಡ್ತಿಗೆ ಬೇಕಂತ್ಲೇ ಹೆದರೋದು!” ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಒಬ್ಬನೂ ನಂಬಲಿಲ್ಲ.

ಅದೇ ಬೇಸಿಗೆಯಲ್ಲಿ ಗಾರೆನ್ ಹೊರಟುಹೋದ. ಬೆಟ್ಟದ ಮೇಲಿನ ಶ್ರೀಮಂತ ಕ್ಲಬ್ಬಿನವರು ಕರೆದರು, ಅವನು ಹೋದ. ಅವನ ಮನೆಯ ಗೋಡೆಯ ಮೇಲೆ ಯಾರೋ ದ್ರೋಹಿ ಎಂದು ಬರೆದರು. ಪಟ್ಟಿಯಲ್ಲಿ ಒಂದು ಜಾಗ ಖಾಲಿಯಾಯಿತು. ಯೆರ್ವಾಂತ್‌ಗೆ ಆಗ ನೆನಪಾಯಿತು ನೋಡಿ, ಮಿಸ್ಸಾಕನ ಹೆಸರು. ಮೂವತ್ತೇಳನೇ ವಯಸ್ಸಿಗೆ ಹನ್ನೆರಡನೆಯವನಾದ. ಅಜ್ನಿವ್ ಅವನ ಅಂಗಿಗೆ ತಾನೇ ಇಸ್ತ್ರಿ ಹಾಕಿದಳು. ಇಡೀ ವರ್ಷ ಅವನು ಬೆಂಚಿನ ಮೇಲೆ ಕೂತು ನೀರಿನ ಬಾಟಲಿ ಎತ್ತಿಕೊಟ್ಟ, ಒಂದು ನಿಮಿಷವೂ ಆಡಲಿಲ್ಲ. ಆದರೂ ಸುಖವಾಗಿದ್ದ.

ವಸಂತ ಬಂತು. ಫೈನಲ್ಲಿಗೆ ಹೋಗಲು ಒಂದು ಪಂದ್ಯ ಬಾಕಿ. ಎದುರಿಗೆ ಬೆಟ್ಟದವರು, ಅವರ ಜೊತೆ ಗಾರೆನ್. ನಮ್ಮ ಕಡೆಯ ಇಬ್ಬರು ಐದೈದು ಫೌಲ್ ಮಾಡಿ ಹೊರಗೆ ಬಂದಿದ್ದರು, ಮೂರನೆಯವನು ಪಾದ ಉಳುಕಿ ಮಲಗಿದ್ದ. ಹನ್ನೊಂದು ಸೆಕೆಂಡು ಉಳಿದಿತ್ತು. ನಾವು ಒಂದು ಅಂಕ ಮುಂದೆ, ಚೆಂಡು ಅವರ ಕೈಯಲ್ಲಿ. ಯೆರ್ವಾಂತ್ ಬೆಂಚಿನ ಉದ್ದಕ್ಕೂ ನೋಡಿ ಕೊನೆಗೆ ಮಿಸ್ಸಾಕನ ಅಂಗಿ ಹಿಡಿದು ಎಬ್ಬಿಸಿದ.

“ಅವನ ಒಂದೊಂದು ಸುಳ್ಳೂ ನಿನಗೆ ಗೊತ್ತು. ಹೋಗು. ಇವತ್ತು ನೆಗೀಬೇಡ.”

ಮಿಸ್ಸಾಕ್ ಗ್ಯಾಲರಿಯ ಕಡೆ ನೋಡಿದ. ಶಾಕೆ ಎದ್ದು ನಿಂತಿದ್ದಳು, ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು. ಇವತ್ತು ಎಲ್ಲರಿಗೂ ಗೊತ್ತಾಗುತ್ತದೆ ಎಂದುಕೊಂಡ. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಚೆಂಡು ಗಾರೆನ್ ಕೈಗೆ ಬಂತು. ಎಡಕ್ಕೊಂದು ಹೆಜ್ಜೆ ಹಾಕಿದಂತೆ ಮಾಡಿದ. ಭಾರ ಹಿಂಗಾಲಿನಲ್ಲೇ ಇತ್ತು, ಮಿಸ್ಸಾಕ್ ಅಲುಗಲಿಲ್ಲ. ಮೂಲೆಯ ಕಡೆ ಕಣ್ಣು ಹಾಯಿಸಿದ, ಅಲುಗಲಿಲ್ಲ. ಎರಡು ಸಲ ಚೆಂಡು ಬಡಿದು ಬಲಕ್ಕೆ ನುಗ್ಗಿದವನು ಗಕ್ಕನೆ ನಿಂತ. ಮಿಸ್ಸಾಕ್ ಅವನ ಎದುರಿಗೇ ಇದ್ದ. ನಮ್ಮವರ ಕೂಗಿಗೆ ಮೇಲಿನ ತಗಡು ನಡುಗಿತು. ಮೂರು ಸೆಕೆಂಡು ಇರುವಾಗ ಗಾರೆನ್ ಚೆಂಡನ್ನು ಎತ್ತಿದ. ಅವನ ಎರಡು ಹಿಮ್ಮಡಿಯೂ ನೆಲಕ್ಕೆ ಮೊಳೆ ಹೊಡೆದಂತೆ ಅಂಟಿಕೊಂಡಿದ್ದವು. ಮಿಸ್ಸಾಕ್ ನೋಡಿದ, ಸ್ಪಷ್ಟವಾಗಿ ನೋಡಿದ. ಇದು ಸುಳ್ಳು ಎಂದು ಮನಸ್ಸು ಹೇಳಿತು. ಚೆಂಡು ಗಲ್ಲ ದಾಟಿತು, ಮತ್ತು ಅವನು ಗಾಳಿಯಲ್ಲಿದ್ದ.

ಯಾರು ನೆಗೆದದ್ದು ಎಂದು ಅವನಿಗೇ ಅರ್ಥವಾಗಲಿಲ್ಲ. ಸುಳ್ಳು ಕಂಡ ಕೂಡಲೇ ನೆಗೆಯಬೇಕು ಎಂದು ಒಂಬತ್ತು ವರ್ಷ ಕಲಿಸಿದ ಕಾಲುಗಳು ಸುಳ್ಳು ಕಂಡವು, ನೆಗೆದವು. ಅವನು ಮೇಲಿನಿಂದ ನೋಡುತ್ತಿರುವಂತೆಯೇ ಗಾರೆನ್ ಅವನ ಕಂಕುಳ ಕೆಳಗೆ ನುಸುಳಿ, ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಚೆಂಡನ್ನು ಬುಟ್ಟಿಗೆ ಹಾಕಿದ. ಪಂದ್ಯ ಮುಗಿಯಿತು. ಗಾರೆನ್ ತಿರುಗಿ ಬರುವಾಗ, ಅಭ್ಯಾಸಬಲವೋ ಏನೋ, ಮಿಸ್ಸಾಕನ ಬೆನ್ನು ತಟ್ಟಿ “ಥ್ಯಾಂಕ್ಸ್ ಅಹ್ಪಾರ್” ಎಂದ. ಅದನ್ನು ನಮ್ಮ ಮೂರು ಸಾವಿರ ಜನ ನೋಡಿದರು.

ಇಷ್ಟು ದಿನ ನಂಬದಿದ್ದವರು ಸೋತ ಮೇಲೆ ನಂಬಿದರು. ಅವನು ಬೇಕಂತಲೇ ನೆಗೆಯುವವನು ಎಂದು ಅವನ ಮಗಳೇ ಹೇಳಿರಲಿಲ್ಲವೇ? ಒಂದು ಸಲವೂ ಮೋಸ ಹೋಗದವನು ಆ ಹೊತ್ತಿಗೇ ಯಾಕೆ ನೆಗೆದ? ಆ ದ್ರೋಹಿ ಬೆನ್ನು ತಟ್ಟಿ ಧನ್ಯವಾದ ಹೇಳಿದ್ದು ಯಾತಕ್ಕೆ? ಮಿಸ್ಸಾಕನನ್ನು ಬೆಟ್ಟದವರು ಕೊಂಡುಕೊಂಡಿದ್ದಾರೆ. ಮರುದಿನ ಅಂಗಡಿಗೆ ಬಂದವರು ಕೊಟ್ಟಿದ್ದ ಬೂಟುಗಳನ್ನು ಅಟ್ಟೆ ಹಾಕದಿದ್ದರೂ ಸರಿ ಎಂದು ವಾಪಸು ತೆಗೆದುಕೊಂಡು ಹೋದರು. ಕಾಫಿಯವನ ಗಾಡಿ ನಿಲ್ಲದೆ ಮುಂದೆ ಹೋಯಿತು. ಶಾಕೆಗೆ ಅಭ್ಯಾಸದಲ್ಲಿ ಒಬ್ಬ ಹುಡುಗಿಯೂ ಚೆಂಡು ಕೊಡಲಿಲ್ಲ. ಒಂದು ಗಂಟೆ ಹೊತ್ತು ಅವಳು ಬರಿಗೈಯಲ್ಲಿ ಅತ್ತಿಂದಿತ್ತ ಓಡಿದಳಂತೆ. ಮನೆಗೆ ಬಂದು ಅಪ್ಪನ ಮುಂದೆ ನಿಂತಳು.

“ನೀನು ಮಾರ್ಕೊಂಡಿಲ್ಲ ಅಲ್ವಾ ಅಪ್ಪಾ?”

“ಇಲ್ಲ ಮಗಳೇ.”

“ನಂಗೊತ್ತು. ನಾನು ಎಲ್ರಿಗೂ ಹೇಳ್ತೀನಿ.”

“ಬೇಡ. ನೀನಿನ್ನು ಏನೂ ಹೇಳ್ಬೇಡ” ಎಂದ ಮಿಸ್ಸಾಕ್.

ಭಾನುವಾರ ಪೂಜೆ ಮುಗಿದ ಮೇಲೆ ಕ್ಲಬ್ಬಿನ ಸಮಿತಿ ಅವನನ್ನು ಕರೆಸಿತು. ಉದ್ದನೆಯ ಮೇಜು, ಅಧ್ಯಕ್ಷ ದಿಕ್ರಾನ್ ನಡುವೆ, ಯೆರ್ವಾಂತ್ ತುದಿಯಲ್ಲಿ. ದಿಕ್ರಾನ್ ಕೆಟ್ಟವನಲ್ಲ, ಬೇಗ ಊಟಕ್ಕೆ ಹೋಗಬೇಕಾಗಿದ್ದ ಮನುಷ್ಯ.

“ನೋಡಪ್ಪ ಮಿಸ್ಸಾಕ್, ಇರೋದು ಎರಡೇ. ಮೋಸ ಹೋದ್ಯೋ, ಇಲ್ಲಾ ಬೇಕಂತ ನೆಗೆದ್ಯೋ?”

“ಎರಡೂ ಅಲ್ಲ ಬಾರೋನ್. ಸುಳ್ಳು ಅಂತ ನಂಗೆ ಕಾಣಿಸ್ತು. ಕಾಲು ಹೋಯ್ತು.”

“ಕಾಲಿಗೇನು ಬೇರೆ ತಲೆ ಇದ್ಯಾ?”

ಮೇಜಿನ ಸುತ್ತ ನಗು. ಮಿಸ್ಸಾಕ್ ಯೆರ್ವಾಂತ್ ಕಡೆ ತಿರುಗಿದ. “ಬಾರೋನ್ ಯೆರ್ವಾಂತ್, ನೀವೇ ಹೇಳಿ. ಒಂಬತ್ತು ವರ್ಷ ನೆಗಿ ಅಂದೋರು ಯಾರು?”

ಎಲ್ಲರೂ ಕೋಚಿನ ಮುಖ ನೋಡಿದರು. ಮಿಸ್ಸಾಕ್ ಮೇಜಿನ ಕೆಳಗೆ ಅವನ ಬೂಟು ನೋಡಿದ. ಬಲಗಾಲಿನ ಹಿಮ್ಮಡಿ ಮೆಲ್ಲಗೆ ಮೇಲೆದ್ದಿತು. ಭಾರ ಬೆರಳಿಗೆ ಬಂತು. ಎದ್ದು ನಿಲ್ಲುತ್ತಾನೆ, ಹೇಳುತ್ತಾನೆ! ಮಿಸ್ಸಾಕ್ ಸಂತೋಷದಲ್ಲಿ ತಾನೇ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ. ಯೆರ್ವಾಂತ್ ಆ ಕಾಲನ್ನು ಎತ್ತಿ ಇನ್ನೊಂದರ ಮೇಲೆ ಹಾಕಿಕೊಂಡು ಹಿಂದಕ್ಕೆ ಒರಗಿದ.

“ಅಭ್ಯಾಸದಲ್ಲಿ ಯಾರು ಯಾರಿಗೆ ಏನು ಹೇಳಿದ್ರು ಅಂತ ಎಲ್ಲಾ ನೆನಪಿರುತ್ತಾ ಮಾರಾಯ?” ಎಂದ. ಹೇಳಿದ್ದರೆ ಏನಾಗುತ್ತಿತ್ತು? ಮಿಸ್ಸಾಕನ ಕಾಲನ್ನು ಕೆಡಿಸಿದವನೂ ತಾನೇ, ಕೊನೆಯ ಹನ್ನೊಂದು ಸೆಕೆಂಡಿಗೆ ಅದನ್ನೇ ಕಳಿಸಿದವನೂ ತಾನೇ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಕೆಲಸ ಹೋಗುತ್ತಿತ್ತು. ಒಬ್ಬ ಬೂಟು ಹೊಲಿಯುವವನಿಗಾಗಿ ಅಷ್ಟು ಮಾಡುವ ಜನ ನಾವಲ್ಲ, ನಾಚಿಕೆಯಾದರೂ ಹೇಳಬೇಕು.

ದಿಕ್ರಾನ್ ಗಡಿಯಾರ ನೋಡಿದ. “ಮಾರ್ಕೊಂಡ ಅಂತ ಆದ್ರೆ ನಿನ್ನ ಹೆಸರು ಹೊಡೆದುಹಾಕ್ಬೇಕು. ಮಗಳ ಹೆಸರೂ. ಆ ಮನೆಯೋರು ಇನ್ನು ಈ ಬಾಗಿಲು ದಾಟೋ ಹಾಗಿಲ್ಲ. ಮೋಸ ಹೋದೆ, ನನಗೆ ಅಷ್ಟೇ ಬುದ್ಧಿ ಇರೋದು ಅಂತ ಒಂದು ಸಾಲು ಬರ್ಕೊಡು, ಮುಗೀತು. ಹುಡುಗಿ ಆಡ್ಲಿ. ಒಳ್ಳೇ ಹುಡುಗಿ.”

ಶಾಕೆ ಬರಿಗೈಯಲ್ಲಿ ಓಡಿದ ಆ ಒಂದು ಗಂಟೆ ಅವನ ಕಣ್ಣಿಗೆ ಕಟ್ಟಿತು. ಪೆನ್ನು ಕೇಳಿದ. ‘ಆ ದಿನ ನಾನು ಮೋಸ ಹೋದೆ. ಗಾರೆನ್ ಎದುರು ನಾನು ಯಾವಾಗಲೂ ನಿಜವಾಗಿಯೇ ಮೋಸ ಹೋಗಿದ್ದೇನೆ. ಮಗಳಿಗೆ ಹೇಳಿದ್ದು ಜಂಬಕ್ಕೆ.’ ಕೊನೆಯ ಸಾಲನ್ನು ದಿಕ್ರಾನ್ ಹೇಳಿ ಬರೆಸಿದ. ಮಿಸ್ಸಾಕ್ ಸಹಿ ಹಾಕಿದ. ಎಲ್ಲರೂ ಎದ್ದು ಕೈ ಕುಲುಕಿದರು. ಒಬ್ಬ “ನಮ್ಮ ಮಿಸ್ಸಾಕ್ ದಡ್ಡ ಇರ್ಬೋದು, ಕಳ್ಳ ಅಲ್ಲ” ಎಂದು ಅಪ್ಪಿಕೊಂಡ. ಕಾಗದವನ್ನು ನೋಟಿಸ್ ಬೋರ್ಡಿಗೆ ಹಚ್ಚಿದರು. ಮಧ್ಯಾಹ್ನದೊಳಗೆ ಊರೆಲ್ಲ ಓದಿತು.

ಶಾಕೆಯೂ ಓದಿದಳು. ಮನೆಗೆ ಬಂದಾಗ ಮುಖದಲ್ಲಿ ಅಳುವಿರಲಿಲ್ಲ. ಅಳುವಿದ್ದರೆ ಅವನು ಎದೆಗೊತ್ತಿಕೊಳ್ಳುತ್ತಿದ್ದ.

“ಓಣೀಲಿ ತೋರ್ಸಿದ್ಯಲ್ಲ, ಅದು?”

“ಅದು ನಿಜ.”

“ಹಾಗಾದ್ರೆ ಕಾಗದ ಸುಳ್ಳಾ?”

“ನಿನಗೋಸ್ಕರ ಬರೆದೆ, ಮಗಳೇ. ನೀನು ಆಡ್ಬೇಕು.”

“ಎಲ್ರೂ ನಗ್ತಿದ್ದಾಗ ನಾನು ನಿನ್ನ ಪರ ಜಗಳ ಆಡಿದ್ದೆ ಅಪ್ಪಾ. ನಾನು ಸುಳ್ಳಿ ಅಂತ ನೀನೇ ಸಹಿ ಹಾಕ್ಬಿಟ್ಟೆ.” ಅವನ ಕಣ್ಣು ತನ್ನ ಬೂಟಿನ ಮೇಲಿರುವುದು ಕಂಡು, “ನನ್ನ ಬೂಟು ಸರಿಯಾಗಿದೆ. ಇನ್ಮೇಲೆ ನೋಡ್ಬೇಡ” ಎಂದು ಒಳಗೆ ಹೋದಳು.

ಸೋಮವಾರ ಅಂಗಡಿಗೆ ಯೆರ್ವಾಂತ್ ಬಂದ. ನಿಂತುಕೊಂಡೇ, ಗೋಡೆಯ ಕ್ಯಾಲೆಂಡರು ನೋಡುತ್ತಾ ಮಾತಾಡಿದ. “ಒಬ್ಬ ಹೊಸ ಹುಡುಗ ಬಂದಿದ್ದಾನೆ. ಹದಿನೆಂಟು. ಕೈ ಚೆನ್ನಾಗಿದೆ, ಎದೆ ಗಟ್ಟಿಯಿಲ್ಲ. ನಾಳೆ ಬಾ.” ಬುತ್ತಿ ತಂದಿದ್ದ ಅಜ್ನಿವ್ ಬಾಗಿಲಲ್ಲೇ ಕೇಳಿಸಿಕೊಂಡು ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. “ಮೈಯಲ್ಲಿ ಒಂಚೂರು ನಾಚಿಕೆ ಅನ್ನೋದಿದ್ಯೇನ್ರೀ ನಿಮಗೆ? ಈ ಮನುಷ್ಯನ ಮಂಡಿ ತಿಂದ್ರಿ, ಮಾನ ತಿಂದ್ರಿ, ಇನ್ನೇನು ಉಳ್ದಿದೆ ಅಂತ ಬಂದ್ರಿ?” ಯೆರ್ವಾಂತ್ ಬುಟ್ಟಿ ದಾಟಿಕೊಂಡು ಹೊರಟ. ಅಭ್ಯಾಸಕ್ಕೆ ಹೋಗದಿದ್ದರೆ ತಂಡದಲ್ಲಿ ಶಾಕೆಯ ಜಾಗ ಏನಾಗುತ್ತದೆ ಎಂದು ಅವನೂ ಹೇಳಲಿಲ್ಲ, ಮಿಸ್ಸಾಕನೂ ಕೇಳಲಿಲ್ಲ.

ಮಂಗಳವಾರ ಮಿಸ್ಸಾಕ್ ಹೋದ. ಹುಡುಗಿಯರ ಅಭ್ಯಾಸ ಮುಗಿಯುತ್ತಾ ಬಂದಿತ್ತು. ಶಾಕೆಗೆ ಚೆಂಡು ಸಿಗುತ್ತಿತ್ತು. ಎರಡು ಬುಟ್ಟಿ ಹಾಕಿದಳು, ಹುಡುಗಿಯರು ಅವಳ ಅಂಗೈಗೆ ಅಂಗೈ ಹೊಡೆದರು. ಮುಗಿದ ಮೇಲೆ ಉಳಿದವರು ಗ್ಯಾಲರಿಗೆ ಹತ್ತಿದರು. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಅವನ ಪಕ್ಕದಿಂದಲೇ ಹಾದು ಬಾಗಿಲ ಕಡೆ ನಡೆದಳು, ತಿರುಗಿ ನೋಡಲಿಲ್ಲ.

ಯೆರ್ವಾಂತ್ ಸೀಟಿ ಊದಿದ. ಹೊಸ ಹುಡುಗ ಅಳುಕುತ್ತಾ ಚೆಂಡು ಎತ್ತಿದ, ಹಿಮ್ಮಡಿ ಎರಡೂ ನೆಲದ ಮೇಲೆ. ನೆಗಿ ಎಂದು ಈ ಸಲ ಯಾರೂ ಹೇಳಲಿಲ್ಲ. ಮಿಸ್ಸಾಕ್ ನೆಗೆದ. ಬೇಕೆಂದು ನೆಗೆದನೋ ಮೋಸ ಹೋದನೋ ಎಂದು ಅವನು ತನ್ನನ್ನೇ ಕೇಳಿಕೊಳ್ಳಲಿಲ್ಲ. ಕೇಳಿಕೊಂಡು ಇನ್ನು ಯಾರಿಗೆ ಹೇಳಬೇಕಿತ್ತು?